ನಗುವ ಮೀನು

ಫ್ರಿಜ್ಜು ತಂಪನ್ನು ತಯಾರಿಸುತ್ತದೆ ಅಂತ ಜನ ತಿಳಿದುಕೊಂಡಿದ್ದಾರೆ. ಅದು ಏನನ್ನೂ ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಎಸೆಯುತ್ತದೆ, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಫ್ರಿಜ್ಜು ರಿಪೇರಿ ಮಾಡುತ್ತಿರುವ ನಾನು ಇದನ್ನು ಹೋದಹೋದಲ್ಲೆಲ್ಲ ಹೇಳುತ್ತೇನೆ. ಬಿಸಿಗಾಳಿ ಹೋಗಲು ಸ್ವಲ್ಪ ಜಾಗ ಬಿಡಿ ಅನ್ನುತ್ತೇನೆ. ಎಲ್ಲರೂ ಹೂಂ ಅನ್ನುತ್ತಾರೆ. ಮರುದಿನ ಆ ಜಾಗದಲ್ಲಿ ಪೊರಕೆ ನಿಂತಿರುತ್ತದೆ.

ಗಪ್ಪಿ ಪೊರಕೆ ನಿಲ್ಲಿಸಲಿಲ್ಲ. ಗಾಜಿನ ತೊಟ್ಟಿ ಇಟ್ಟ.

ಗಪ್ಪಿ ಅಂದರೆ ನಮ್ಮ ಬೀದಿಯ ತುದಿಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟುಕೊಂಡವನು. ಗಪ್ಪಿ ಮೀನು ಮಾರಿಯೇ ಮೇಲೆ ಬಂದವನಾದ್ದರಿಂದ ಆ ಹೆಸರು ಬಿದ್ದಿತ್ತು, ಅವನಿಗೂ ಅದು ಇಷ್ಟವೇ. ಮೀನಿಗೆ ಹಾಕುವ ಹುಳುಗಳನ್ನು ಇಡಲು ಅವನ ಹತ್ತಿರ ಒಂದು ಫ್ರೀಜರಿದೆ. ಅದು ಕೆಟ್ಟಾಗ ಸರಿ ಮಾಡಿ, ಪಕ್ಕದ ಜಾಲರಿಯಿಂದ ಬಿಸಿಗಾಳಿ ಬರುತ್ತದೆ, ಕಿಟಕಿಯ ಕಡೆ ಎರಡಡಿ ಖಾಲಿ ಬಿಡು ಅಂತ ಹೇಳಿ ಬಂದಿದ್ದೆ. ಮೂರು ತಿಂಗಳ ಮೇಲೆ ಹೋದರೆ ಆ ಎರಡಡಿಯಲ್ಲಿ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ತೊಟ್ಟಿ, ತೊಟ್ಟಿಯ ಮೇಲೊಂದು ಉರಿಯುವ ಬಲ್ಬು.

"ನೀವೇ ಖಾಲಿ ಮಾಡಿಸಿದ್ರಲ್ಲ ಮೇಸ್ತ್ರಿ" ಅಂದ. "ಕಿಟಕಿ ಪಕ್ಕದ ಜಾಗ, ಸುಮ್ನೆ ಬಿಡೋಕಾಗುತ್ತಾ?"

ತೊಟ್ಟಿಯೊಳಗೆ ಗೇಣುದ್ದದ ಒಂದು ಪ್ರಾಣಿ. ತಿಳಿ ಗುಲಾಬಿ ಮೈ, ನಾಲ್ಕು ಪುಟ್ಟ ಕಾಲು, ತಲೆಯ ಎರಡೂ ಬದಿಗೆ ಮೂರು ಮೂರು ಗರಿ. ಬಾಯಿ ಈ ಕಿವಿಯಿಂದ ಆ ಕಿವಿಯವರೆಗೆ ಅನ್ನಬಹುದಿತ್ತು, ಆದರೆ ಕಿವಿ ಇರಲಿಲ್ಲ. ಬಾಯಿಯ ಅಂಚು ಎರಡೂ ಕಡೆ ಮೇಲಕ್ಕೆ ತಿರುಗಿತ್ತು. ಗಾಜಿನ ಮೇಲೆ ಗಪ್ಪಿ ಚೀಟಿ ಅಂಟಿಸಿದ್ದ: ನಗುವ ಮೀನು, ವಿದೇಶಿ.

ಜೇಬಿನಲ್ಲಿ ಯಾವಾಗಲೂ ಇರುವ ಥರ್ಮಾಮೀಟರನ್ನು ನೀರಿಗೆ ಅದ್ದಿದೆ. ಮೂವತ್ತೊಂದು ಡಿಗ್ರಿ. ನಾನು ಆ ನೀರಿನಲ್ಲಿ ಸ್ನಾನ ಮಾಡಬಹುದಿತ್ತು. ಇದನ್ನು ಇಲ್ಲಿಂದ ಎತ್ತು ಅಂತ ಗಪ್ಪಿಗೆ ಹೇಳಿದೆ. ಅವನು ಪ್ರಾಣಿಯ ಮುಖ ನೋಡಿದ, ನನ್ನ ಮುಖ ನೋಡಿದ, ಇಬ್ಬರಲ್ಲಿ ಅದೇ ಹೆಚ್ಚು ಸುಖವಾಗಿದೆ ಅಂತ ತೀರ್ಮಾನಿಸಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಮಧ್ಯೆ ಮಧ್ಯೆ ಮೊಬೈಲಿನಲ್ಲಿ ಲೋಕದ ವಿಷಯವನ್ನೆಲ್ಲ ಓದುತ್ತಾಳೆ. ಹುಡುಕಿ ಹುಡುಕಿ ಕಡೆಗೆ ಅದರ ಚಿತ್ರ ತೆಗೆದಳು. ಅದು ಮೀನೇ ಅಲ್ಲ. ಹೆಸರು ಆಕ್ಸೊಲೊಟಲ್, ದೂರದ ದೇಶದ ತಣ್ಣನೆ ಕೆರೆಯದು. ಹದಿನೇಳು ಡಿಗ್ರಿ ಇದ್ದರೆ ಸುಖ, ಇಪ್ಪತ್ನಾಲ್ಕು ದಾಟಿದರೆ ಸಂಕಟ. ಕಣ್ಣಿಗೆ ರೆಪ್ಪೆ ಇಲ್ಲ, ಬೆಳಕು ಬಿದ್ದರೆ ಮುಚ್ಚಲಾರದು. ಸಂಕಟವಾದಾಗ ಗರಿಗಳು ಮುಂದಕ್ಕೆ ಸುರುಟುತ್ತವೆ.

"ಗರಿ ಹೇಗಿತ್ತು?" ಅಂತ ಕೇಳಿದಳು.

ಸುರುಟಿತ್ತು ಅಂದೆ. ಅವಳು ಹೊಲಿಗೆ ನಿಲ್ಲಿಸಿ ನನ್ನ ಚಪ್ಪಲಿ ಇದ್ದ ಕಡೆ ನೋಡಿದಳು. ನಾನು ಹೋಗಿ ಕೊಂಡು ತಂದೆ.

ಹಳೆಯ ವಾಟರ್ ಕೂಲರೊಂದನ್ನು ಬಿಚ್ಚಿ ಹೊಸ ತೊಟ್ಟಿಯೊಂದಕ್ಕೆ ಜೋಡಿಸಿ ಮುಂದಿನ ಕೋಣೆಯಲ್ಲಿಟ್ಟೆ. ತಾಮ್ರ ನೀರಿಗೆ ತಾಕಿದರೆ ಅದಕ್ಕೆ ವಿಷ ಅಂತ ಹೆಂಡತಿ ಓದಿ ಹೇಳಿದ್ದರಿಂದ ಸ್ಟೀಲು ಕೊಳವೆ ಹಾಕಿದೆ. ಬೆಳಕು ಬೀಳದ ಹಾಗೆ ಅವಳು ತೊಟ್ಟಿಗೆ ಕಪ್ಪು ಬಟ್ಟೆಯ ಒಂದು ಅಂಗಿಯನ್ನೇ ಹೊಲಿದಳು, ಗುಂಡಿ ಸಮೇತ. ನಾಲ್ಕನೇ ದಿನ ಗರಿಗಳು ಹಿಂದಕ್ಕೆ ಬಿಚ್ಚಿಕೊಂಡವು. ಕೂಲರಿನ ಬಿಸಿಗಾಳಿ ನೇರವಾಗಿ ಅವಳ ಬೆನ್ನಿಗೆ ಹೊಡೆಯುತ್ತಿತ್ತು. ಎಲ್ಲಾದರೂ ಹೋಗಬೇಕಲ್ಲ ಅಂತ ಅವಳೇ ಅಂದಳು. ಬಿಸಿಯ ವಿಷಯ ಅರ್ಥಮಾಡಿಕೊಂಡವಳು ನನ್ನ ಜೀವನದಲ್ಲಿ ಅವಳೊಬ್ಬಳೇ.

ಎರಡು ವಾರ ಕಳೆದು ಗಪ್ಪಿಯ ಅಂಗಡಿ ಮುಂದೆ ಹಾದುಹೋದೆ. ಅದೇ ಕಿಟಕಿ, ಅದೇ ತೊಟ್ಟಿ, ಅದೇ ಚೀಟಿ. ಒಳಗೆ ಎರಡು.

ಗಪ್ಪಿ ಓಡಿಬಂದು ನನ್ನ ಕೈ ಹಿಡಿದುಕೊಂಡ. ಎರಡು ತಿಂಗಳಿಂದ ಕದಲದ ಮಾಲು ನಾನು ಕೈಯಿಟ್ಟ ದಿನವೇ ಹೋಯಿತಂತೆ. ನನ್ನ ಕೈಗುಣ ಅಷ್ಟು ಒಳ್ಳೆಯದಂತೆ. ಬೇಡಿಕೆ ಇದೆ ಅಂತ ಗೊತ್ತಾಗಿ ಕೂಡಲೇ ಜೋಡಿ ತರಿಸಿದ್ದನಂತೆ. ಇಡೀ ಊರಿಗೆ ಬೇಡಿಕೆ ಅಂದರೆ ನಾನೊಬ್ಬನೇ.

ನನ್ನ ಖರ್ಚಿನಲ್ಲಿ ತೊಟ್ಟಿ ಬೇರೆ ಕಡೆ ಇಟ್ಟುಕೊಡುತ್ತೇನೆ ಅಂದೆ. ಕಿಟಕಿಯಿಂದ ಸರಿಸಿದರೆ ಯಾರಿಗೆ ಕಾಣುತ್ತೆ ಅಂದ. ಕೂಲರ್ ಹಾಕಿಕೊಡುತ್ತೇನೆ ಅಂದೆ. ನಗುತ್ತಿರುವವರಿಗೆ ಔಷಧಿ ಯಾಕೆ ಅಂದ. ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು.

ಎರಡರಲ್ಲಿ ಒಂದು ಚಿಕ್ಕದು. ಅದರ ಗರಿ ಆಗಲೇ ಸುರುಟಿತ್ತು. ಮನೆಯಲ್ಲಿ ಹೇಳಿದಾಗ ಹೆಂಡತಿ ಮತ್ತೆ ಚಪ್ಪಲಿ ನೋಡಿದಳು. ಈ ಸಲ ನಾನು ಏಳಲಿಲ್ಲ.

"ಎರಡು ತಂದ್ರೆ ಅವನು ನಾಲ್ಕು ತರಿಸ್ತಾನೆ" ಅಂದೆ.

"ನಾಲ್ಕರ ಲೆಕ್ಕ ಆಮೇಲೆ. ಆ ಚಿಕ್ಕದು ಈಗ ಇದೆಯಲ್ರೀ" ಅಂದಳು.

ನಾನು ಹೇಳಿದ್ದು ಸರಿ, ಅವಳು ಹೇಳಿದ್ದೂ ಸರಿ. ಮನೆಯಲ್ಲಿ ಇಬ್ಬರೂ ಸರಿಯಿದ್ದಾಗ ಊಟ ಬೇಗ ಮುಗಿಯುತ್ತದೆ.

ಪಶು ಇಲಾಖೆಗೆ ದೂರು ಬರೆದೆ. ಅಧಿಕಾರಿ ಬಂದರು. ಇಲಾಖೆಯವರು ಬರುವುದೇ ದೊಡ್ಡದು ಅನ್ನುತ್ತಾರೆ, ಇವರು ಮೂರೇ ದಿನಕ್ಕೆ ಬಂದರು. ಸೊಂಟ ಬಗ್ಗಿಸಿ, ಮಂಡಿಯ ಮೇಲೆ ಕೈಯಿಟ್ಟು, ಗಾಜಿನೊಳಗೆ ಬಹಳ ಹೊತ್ತು ನೋಡಿದರು.

"ನಗ್ತಾ ಇವೆಯಲ್ರೀ" ಅಂದರು.

ಅದು ಬಾಯಿಯ ಆಕಾರ ಸರ್ ಅಂದೆ. ಗರಿ ನೋಡಿ, ನೀರಿನ ಬಿಸಿ ನೋಡಿ ಅಂದೆ. ಅವರಿಗೆ ದನ, ಕುರಿ, ನಾಯಿ ಗೊತ್ತು. ಇದಕ್ಕೆ ಎಷ್ಟು ಡಿಗ್ರಿ ಅಂತ ಅವರ ಪುಸ್ತಕದಲ್ಲಿ ಇರಲಿಲ್ಲ. ಕೆಲವು ದಿನ ಬಿಸಿಯನ್ನು ಬರೆದಿಟ್ಟು ತನ್ನಿ, ನೋಡೋಣ ಅಂತ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿ, ಪ್ರಾಣಿಗಳು ಉಲ್ಲಾಸದಿಂದ ಇರುವುದು ಕಂಡುಬಂದಿದೆ ಎಂದು ವರದಿ ಬರೆದು ಹೋದರು.

ದಿನಾ ಬೆಳಿಗ್ಗೆ ಹೋಗಿ ಥರ್ಮಾಮೀಟರು ಅದ್ದಿದೆ. ಮೂವತ್ತು, ಮೂವತ್ತೊಂದು, ಮೂವತ್ತು, ಮೂವತ್ತೆರಡು. ಐಸು ತುಂಬಿದ ಬಾಟಲಿ ತೇಲಿಬಿಟ್ಟು ಬರುತ್ತಿದ್ದೆ. ನೋಟಕ್ಕೆ ಅಡ್ಡ ಅಂತ ಗಪ್ಪಿ ತೆಗೆದಿಡುತ್ತಿದ್ದ. ಫ್ರೀಜರನ್ನು ಕೆಡಿಸಿಬಿಡಬಹುದಿತ್ತು. ಒಂದು ವೈರು ಎಳೆದರೆ ಸಾಕು. ಆದರೆ ರಿಪೇರಿಯವನು ಕೈಯಾರೆ ಕೆಡಿಸುವುದು ಅಂದರೆ, ಅದು ನನ್ನಿಂದ ಆಗಲಿಲ್ಲ. ನಿಯತ್ತು ಅಂತ ಅದಕ್ಕೆ ಹೆಸರು. ನನ್ನ ನಿಯತ್ತು ಉಳಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮನೆಗೆ ಬಂದ ಕೂಡಲೇ ಹೆಂಡತಿ, "ಚಿಕ್ಕದು?" ಅಂತ ಕೇಳುತ್ತಿದ್ದಳು. ಇದೆ ಅನ್ನುತ್ತಿದ್ದೆ. ಅವಳು ಹೊಲಿಗೆಗೆ ಮರಳುತ್ತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಒಂಬತ್ತನೇ ದಿನ ಹೋದಾಗ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರು ಗಿರಾಕಿಗಳಿದ್ದರು. ಗಪ್ಪಿ ಚಿಕ್ಕದನ್ನು ಅಂಗೈ ಮೇಲೆ ಇಟ್ಟುಕೊಂಡು ನೀರಿನಲ್ಲಿ ಆಡಿಸಿ ತೋರಿಸುತ್ತಿದ್ದ.

"ಎಷ್ಟು ಸಾಧು ನೋಡಿ ಅಕ್ಕ. ಮುಟ್ಟಿದ್ರೂ ಅಲುಗಾಡಲ್ಲ."

"ಅದು ಸತ್ತಿದೆ" ಅಂದೆ.

ಆ ಹೆಂಗಸು ಗಾಜಿನ ಹತ್ತಿರ ಮುಖ ತಂದಳು. ಇಲ್ಲವಲ್ಲ, ನಗುತ್ತಿದೆಯಲ್ಲ ಅಂತ ಗಂಡನಿಗೆ ಹೇಳಿದಳು. ಗಪ್ಪಿ ಅದನ್ನು ಮೆಲ್ಲಗೆ ತಿರುಗಿಸಿದ. ಹೊಟ್ಟೆ ಮೇಲಾಯಿತು, ಹಾಗೇ ನಿಂತಿತು. ಗಿರಾಕಿಗಳು ಹೊರಟುಹೋದರು. ಅದನ್ನು ನನಗೆ ಕೊಡು ಅಂದೆ. ಅವನು ಎಂದಿನ ಅಭ್ಯಾಸದಂತೆ ಪ್ಲಾಸ್ಟಿಕ್ ಚೀಲದಲ್ಲಿ ನೀರು ಹಾಕಿ, ಸತ್ತದ್ದನ್ನು ಬಿಟ್ಟು, ದಾರಿಯಲ್ಲಿ ಉಸಿರುಗಟ್ಟದಿರಲಿ ಅಂತ ಸಿಲಿಂಡರಿನಿಂದ ಆಕ್ಸಿಜನ್ ತುಂಬಿ, ರಬ್ಬರು ಬ್ಯಾಂಡು ಸುತ್ತಿ ಕೊಟ್ಟ.

ಚೀಲವನ್ನು ಹಾಗೇ ಹಿಡಿದುಕೊಂಡು ಇಲಾಖೆಗೆ ನಡೆದೆ. ಅಧಿಕಾರಿ ಅದನ್ನು ಬೆಳಕಿಗೆ ಎತ್ತಿ ನೋಡಿದರು.

"ಇದೂ ನಗ್ತಾ ಇದೆ."

"ಹೌದು ಸರ್. ಬೆಳಿಗ್ಗೆಯಿಂದ ಸತ್ತಿದೆ."

ಅವರು ಚೀಲವನ್ನು ಮೇಜಿನ ಮೇಲೆ ಇಟ್ಟರು. ಅದು ಅವರ ಕಡೆಗೇ ಮುಖ ಮಾಡಿತು. ಇನ್ನೊಂದು ಕಡೆಗೆ ತಿರುಗಿಸಿದರು. ನೀರು ಅಲ್ಲಾಡಿ ಮತ್ತೆ ಅವರ ಕಡೆಗೇ ಬಂತು. ಸ್ವಲ್ಪ ಹೊತ್ತಿಗೆ ಕನ್ನಡಕ ಒರೆಸಿಕೊಂಡು, ನಿಮ್ಮ ಒಂಬತ್ತು ದಿನದ ಹಾಳೆ ಕೊಡಿ ಅಂತ ಕೈ ಚಾಚಿದರು. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು.

ಅವತ್ತೇ ಸಂಜೆಯೊಳಗೆ ಆದೇಶ ಬಂತು. ನೀರು ತಂಪಾಗಿಡುವ ಯಂತ್ರವಿಲ್ಲದೆ ಗಪ್ಪಿ ಇನ್ನು ಅಂಥ ಪ್ರಾಣಿ ತರಿಸುವಂತಿಲ್ಲ. ಉಳಿದ ದೊಡ್ಡದನ್ನು ಇಲಾಖೆ ವಶಪಡಿಸಿಕೊಂಡಿತು. ಆದರೆ ಇಲಾಖೆಯಲ್ಲಿ ದನದ ಕೊಟ್ಟಿಗೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಸಹಿ ಹಾಕಿಸಿಕೊಂಡು ನನ್ನ ವಶಕ್ಕೆ ಕೊಟ್ಟರು. ಗಪ್ಪಿ ಚೀಟಿಯನ್ನು ತಾನೇ ಕಿತ್ತು, ಉಗುರಿನಿಂದ ಅಂಟನ್ನೂ ಕೆರೆದ. ನನ್ನ ಕಡೆ ನೋಡಲಿಲ್ಲ.

ಈಗ ನಮ್ಮ ಮುಂದಿನ ಕೋಣೆಯಲ್ಲಿ ಎರಡಿವೆ. ಬಟ್ಟೆ ಹೊಲಿಸಲು ಬಂದವರು ಅಂಗಿಯ ಗುಂಡಿ ಬಿಚ್ಚಿ ಇಣುಕಿ, ಅಯ್ಯೋ, ಹೇಗೆ ನಗುತ್ತೆ ನೋಡಿ ಅನ್ನುತ್ತಾರೆ. ಅವುಗಳ ಮುಖ ಇರುವುದೇ ಹಾಗೆ ಅಂತ ಹೆಂಡತಿ ಹೊಲಿಗೆಯಿಂದ ತಲೆ ಎತ್ತದೆ ಹೇಳುತ್ತಾಳೆ. ಪಕ್ಕದಲ್ಲಿ ಥರ್ಮಾಮೀಟರಿನ ನಂಬರ್ ಇದೆ, ಅದನ್ನು ನೋಡಿ ಅನ್ನುತ್ತಾಳೆ. ನಂಬರು ಹದಿನೇಳು.

ದೊಡ್ಡದನ್ನು ತಂದ ದಿನ ಅವಳು ಚೀಲ ತೆಗೆದುಕೊಂಡು, ನೀರಿಗೆ ಬಿಟ್ಟು, ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತಿದ್ದಳು.

"ಆವತ್ತೇ ತಂದಿದ್ರೆ ಚಿಕ್ಕದು ಬದುಕ್ತಿತ್ತಾ?"

ನಾಲ್ಕರ ಲೆಕ್ಕ ಹೇಳಬಹುದಿತ್ತು. ಆದೇಶ ತೋರಿಸಬಹುದಿತ್ತು.

"ಬದುಕ್ತಿತ್ತು" ಅಂದೆ. ಗಿರಾಕಿಗಳ ಮುಂದೆ ಇಪ್ಪತ್ತೆರಡು ವರ್ಷದಿಂದ ಇಟ್ಟುಕೊಂಡು ಬಂದ ಮುಖವನ್ನೇ ಆಗಲೂ ಇಟ್ಟುಕೊಂಡಿದ್ದೆ, ಏನೂ ಆಗಿಲ್ಲ ಅನ್ನುವಂಥದ್ದು. ಅವಳು ಅದನ್ನು ನೋಡಲೇ ಇಲ್ಲ. ಅಂಗೈಯನ್ನು ನನ್ನ ಕುತ್ತಿಗೆಯ ಹತ್ತಿರ ಇಟ್ಟಳು.

"ಸುಡ್ತಾ ಇದೀರಿ" ಅಂದಳು.

ನನ್ನನ್ನು ಅವಳ ಹೊಲಿಗೆಯ ಕುರ್ಚಿಯಲ್ಲಿ ಕೂರಿಸಿ, ಬಿಸಿಗಾಳಿ ಬೆನ್ನಿಗೆ ಹೊಡೆಯದ ಹಾಗೆ ಕೂಲರನ್ನು ಇನ್ನೊಂದು ಕಡೆಗೆ ತಿರುಗಿಸಿದಳು.