ಬಲಗಡೆ ಹದಿನೇಳು

ನಾನು ಅರವತ್ತು ಇಂಚಿನ ಒಂದು ಅಳತೆ ಟೇಪು. ಕಾರ್ಖಾನೆಯಲ್ಲಿ ಮೈತುಂಬ ಅಂಕಿ ಒತ್ತಿಸಿಕೊಂಡು, ಎರಡೂ ತುದಿಗೆ ಹಿತ್ತಾಳೆ ಪಟ್ಟಿ ಹೊಡೆಸಿಕೊಂಡು ಹೊರಬಿದ್ದಾಗ ನನಗೆ ಕೊಂಚ ಜಂಬವೇ ಇತ್ತು. ಯಾರು ಬೇಕಾದರೂ ಸುಳ್ಳು ಹೇಳಲಿ, ನಾನು ಹೇಳಲಾರೆ ಎಂದುಕೊಂಡಿದ್ದೆ. ಗದಗಿನ ದಾರದಂಗಡಿಯಲ್ಲಿ ಮೊಳೆಗೆ ಜೋತುಬಿದ್ದಿದ್ದ ನನ್ನನ್ನು ಕೊಂಡವಳು ಚಂಪಕ್ಕ.

ಚಂಪಕ್ಕ ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಅಂದಿನಿಂದ ಅವಳ ಕುತ್ತಿಗೆಯೇ ನನ್ನ ಮನೆ. ಮೂರು ವರ್ಷ ಕಳೆಯುವುದರೊಳಗೆ ಅವಳಿಗೆ ಸಂಧಿವಾತ ಅಂಟಿಕೊಂಡಿತು. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಬಾರದು. ಆಗ ಜೊತೆಗೆ ನಿಂತವಳು ನಾದಿನಿ ಕಸ್ತೂರಿ. ಅತ್ತಿಗೆಯಿಂದಲೇ ಕಸುಬು ಕಲಿತವಳು, ಆದರೆ ಅತ್ತಿಗೆಯ ಬಾಯಿಂದ ಭೇಷ್ ಅನ್ನಿಸಿಕೊಂಡವಳಲ್ಲ. ಬಿಸಿಲೇರಿ ಕೈ ಸಡಿಲವಾದ ಮೇಲೆ ಅತ್ತಿಗೆ ಬಟ್ಟೆ ಕತ್ತರಿಸುತ್ತಿದ್ದಳು, ನಾದಿನಿ ಹೊಲಿಯುತ್ತಿದ್ದಳು.

ಊರಿನವರ ಮೈಗೆಲ್ಲ ನನ್ನನ್ನು ಸುತ್ತುತ್ತಿದ್ದ ಚಂಪಕ್ಕ ತನ್ನ ಮೈಗೆ ಮಾತ್ರ ಎಂದೂ ಸುತ್ತಿದವಳಲ್ಲ. ಅವಳದೊಂದು ಹಳೆಯ ಅಳತೆ ಜಂಪರ್ ಇತ್ತು. ಹನ್ನೆರಡು ವರ್ಷದಿಂದ ತನ್ನದನ್ನೆಲ್ಲ ಅದರ ಮೇಲಿಟ್ಟೇ ಕತ್ತರಿಸುತ್ತಿದ್ದಳು. ಇದೇ ಕುತ್ತು ತಂದಿತು ನೋಡಿ.

ಸಂಧಿವಾತ ಅಂಟಿದ ಹತ್ತನೆಯ ವರ್ಷ ಚಂಪಕ್ಕ ಹೊಸ ಜಂಪರ್ ತೊಟ್ಟವಳೇ ಸಿಡಿಮಿಡಿಗೊಂಡಳು.

"ಬಲಗಡಿ ಕಂಕುಳ ಬಿಗಿ ಹೊಲದೀಯಲ್ಲ. ಲಕ್ಷ್ಯ ಎಲ್ಲಿಟ್ಟಿದ್ದಿ?"

ಕಸ್ತೂರಿ ಬಿಚ್ಚಿ ಹೊಲಿದಳು. ಹದಿನೈದು ದಿನಕ್ಕೆ ಮತ್ತೆ ಬಿಗಿ. ಮತ್ತೆ ಬೈಗುಳ, ಮತ್ತೆ ಬಿಚ್ಚುವುದು. ನನಗೋ ಬೇರೆಯೇ ದಿಗಿಲು. ಫ್ಯಾನಿನ ಕೆಳಗೆ ಕೂತರೂ ಚಂಪಕ್ಕನ ಕುತ್ತಿಗೆಯ ಬೆವರಿಗೆ ನಾನು ತೊಯ್ದು ಹೋಗುತ್ತಿದ್ದೆ. ಅವಳ ಭುಜದ ಮೂಳೆ ನನಗೆ ಚುಚ್ಚತೊಡಗಿತ್ತು. ಕಂಕುಳಲ್ಲಿ ಗಂಟು ಕಂಡರೆ ತಕ್ಷಣ ಬರಬೇಕೆಂದು ಸಂಧಿವಾತದ ಡಾಕ್ಟರಮ್ಮ ಹಿಂದೆಯೇ ಹೇಳಿದ್ದರು. ಆದರೆ ಕಣ್ಣೆದುರಿಗೆ ಬೈಯಲು ನಾದಿನಿ ಇರುವಾಗ ತನ್ನ ಕಂಕುಳನ್ನು ಮುಟ್ಟಿ ನೋಡುವವರು ಯಾರು? ಕೂಗಿ ಹೇಳೋಣವೆಂದರೆ ನನಗೆ ಅಂಕಿಯುಂಟು, ಬಾಯಿಲ್ಲ.

ಮೂರನೆಯ ಸಲ ಬೈದಾಗ ಕಸ್ತೂರಿಯ ತಾಳ್ಮೆ ಕೆಟ್ಟಿತು. ಕತ್ತರಿಯನ್ನು ಕೆಳಗಿಟ್ಟು ನನ್ನನ್ನು ಅತ್ತಿಗೆಯ ಕುತ್ತಿಗೆಯಿಂದ ಸರ್ರನೆ ಎಳೆದಳು.

"ಕೈ ಎತ್ತರಿ ವೈನಿ. ತಪ್ಪು ನಂದೋ ಏನೋ, ಇವತ್ತ ಗೊತ್ತಾಗ್ಲಿ."

ಮೊದಲು ಸೊಂಟ. ಅಳತೆ ಜಂಪರಿಗಿಂತ ಮೂರು ಇಂಚು ಕಡಿಮೆ. ಚಂಪಕ್ಕ ನಕ್ಕಳು. "ಆ ಟೇಪು ಎಳದೆಳದು ಹಿಗ್ಗೇತಿ, ಅದಕ್ಕ ಕಮ್ಮಿ ತೋರಸ್ತೈತಿ."

ಎಡ ಕಂಕುಳ ಹದಿನಾರು. ಬಲ ಕಂಕುಳ ಹದಿನೇಳು.

ಕಸ್ತೂರಿ ಮತ್ತೊಮ್ಮೆ ಸುತ್ತಿದಳು. ಮತ್ತೆ ಹದಿನೇಳೇ.

"ಟೇಪು ಹಿಗ್ಗಿದ್ರ ಎಲ್ಲಾ ಕಡೀನೂ ಕಮ್ಮಿ ತೋರಸಬೇಕಲ್ರಿ ವೈನಿ. ಇಲ್ಲ್ಯಾಕ ಜಾಸ್ತಿ?"

ಚಂಪಕ್ಕ ಮೆಲ್ಲಗೆ ಕೈಯಿಟ್ಟು ಒತ್ತಿ ನೋಡಿಕೊಂಡಳು. ಬೆರಳಿಗೆ ಒಂದು ಗಂಟು ಸಿಕ್ಕಿತು.

ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಮನೆಯಲ್ಲಿ ಯಂತ್ರದ ಸದ್ದಿಲ್ಲ. ವರದಿ ಬಂದ ದಿನ ನಾನು ಕಸ್ತೂರಿಯ ಮುಷ್ಟಿಯಲ್ಲಿದ್ದೆ. ಗಡಿಬಿಡಿಯಲ್ಲಿ ಹಾಗೇ ಆಸ್ಪತ್ರೆಗೆ ಹಿಡಿದುಕೊಂಡು ಬಂದಿದ್ದಳು.

"ಮೈ ಕಾಯೋ ಕಣಗಳೇ ನಿಮ್ಮ ಕೀಲಿನ ಮ್ಯಾಲ ತಿರುಗಿ ಬಿದ್ದದ್ದು ಸಂಧಿವಾತ," ಎಂದರು ಡಾಕ್ಟರಮ್ಮ. "ಭಾಳ ವರ್ಷ ಅದು ಉರಕೋತ ಇದ್ರ, ಕೆಲವ್ರೊಳಗ ಆ ಕಣಗಳೇ ಕೆಡತಾವ. ಇದು ಲಿಂಫೋಮಾ. ಕ್ಯಾನ್ಸರೇ, ಆದ್ರ ಔಷಧ ಐತಿ. ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು."

ಚಂಪಕ್ಕ ಪಕ್ಕಕ್ಕೆ ತಿರುಗಿದಳು. ನಾದಿನಿಯ ಕೈ ಹಿಡಿದಳು. "ತಪ್ಪೆಲ್ಲಾ ನಿನ್ನ ಹೊಲಿಗೀದ ಅಂದೆನಲ್ಲವ್ವಾ," ಎಂದು ಅತ್ತುಬಿಟ್ಟಳು.

ಆರು ಸಲ ಔಷಧ ಏರಿಸಿದರು. ಕೂದಲು ಹೋಯಿತು, ಬಂತು. ಈಗ ನನ್ನ ಅಂಕಿಗಳು ಅರ್ಧ ಅಳಿಸಿವೆ, ಒಂದು ತುದಿಯ ಹಿತ್ತಾಳೆ ಎಲ್ಲೋ ಬಿದ್ದುಹೋಗಿದೆ. ಗಿರಾಕಿಗಳಿಗೆ ಹೊಸ ಟೇಪು ಬಂದಿದೆ. ನಾನು ಯಂತ್ರದ ಖಾನೆಯಲ್ಲಿ ಹಳೆಯ ಗುಂಡಿಗಳ ಜೊತೆ ಮಲಗಿರುತ್ತೇನೆ. ನಾನೂ ಹಿಗ್ಗಿದ್ದೇನೆ, ಕೊಂಚ ಸುಳ್ಳು ಹೇಳುತ್ತೇನೆ, ಒಪ್ಪಿಕೊಳ್ಳುತ್ತೇನೆ. ಜಂಬ ಎಂದೋ ಇಳಿದಿದೆ.

ಆದರೂ ತಪಾಸಣೆಯ ಹಿಂದಿನ ದಿನ ಕಸ್ತೂರಿ ಹೊಸದನ್ನು ಬಿಟ್ಟು ನನ್ನನ್ನೇ ಹುಡುಕುತ್ತಾಳೆ.

"ಕೈ ಎತ್ತರಿ ವೈನಿ."

ಎಡಗಡೆ ಹದಿನಾರು. ನಾನು ಬಲಗಡೆಗೆ ಸುತ್ತಿಕೊಳ್ಳುತ್ತೇನೆ. ಬಾಯಿಲ್ಲದ ನನ್ನನ್ನು ಓದಿ ಕಸ್ತೂರಿ ಗಟ್ಟಿಯಾಗಿ ಹೇಳುತ್ತಾಳೆ:

"ಹದಿನಾರು."