ಮೂರನೆಯ ಉಪಚಾರ

ನಮ್ಮ ಕಣಿವೆಯಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದರೆ, ನಿಮಗೆ ಯಾಕೆ ಸುಮ್ಮನೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ಹಾಗಾದರೆ ಅರ್ಧ ಲೋಟ ಎನ್ನಬಹುದು. ಆಗ ತುಂಬಿದ ಲೋಟ ಬರುತ್ತದೆ. ಮೊದಲ ಸಲಕ್ಕೇ ಹೂಂ ಎಂದವನನ್ನು ಯಾರೂ ಏನೂ ಅನ್ನುವುದಿಲ್ಲ; ಅವನು ಎದ್ದು ಹೋದ ಮೇಲೆ ಅನ್ನುತ್ತಾರೆ. ನಮ್ಮ ಅಜ್ಜಂದಿರು ನಾರ್ವೆಯಿಂದ ಉತ್ತರ ಡಕೋಟಾಕ್ಕೆ ಬರುವಾಗ ಗೋಧಿಯ ಬೀಜ, ಬೈಬಲ್ಲು ಮತ್ತು ಈ ಪದ್ಧತಿ ಮೂರನ್ನೂ ತಂದರಂತೆ. ಗೋಧಿಯ ತಳಿ ಎಷ್ಟೋ ಸಲ ಬದಲಾಗಿದೆ. ಬೈಬಲ್ಲು ಭಾನುವಾರ ಮಾತ್ರ ತೆರೆಯುತ್ತದೆ. ಪದ್ಧತಿ ಮಾತ್ರ ಗಟ್ಟಿಯಾಗಿ ಉಳಿದಿದೆ.

ಆದ್ದರಿಂದ, ಅರಿಜೋನಾದಲ್ಲಿರುವ ಮರ್ಲಿಸ್ ತನ್ನ ಅಕ್ಕ ಲವೋನ್‌ಗೆ ಎರಡನೆಯ ಸಲ ಫೋನ್ ಮಾಡಿ, ಚಳಿ ಮುಗಿಯುವ ತನಕ ಇಲ್ಲಿಗೆ ಬಂದುಬಿಡೆಂದು ಕರೆದಾಗ, ಲವೋನ್ ಎಲ್ಲರೂ ಹೇಳುವ ಮಾತನ್ನೇ ಹೇಳಿದಳು: "ಅಯ್ಯೋ, ನಿಂಗ್ಯಾಕೇ ತೊಂದ್ರೆ." ಅಡುಗೆಮನೆಯ ಬಾಗಿಲಲ್ಲಿ ಬೂಟು ಕಳಚುತ್ತಿದ್ದ ಅವಳ ಗಂಡ ಓರ್ಲಿನ್ ಒಂದು ಬೂಟು ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿದ. ಎರಡು ಮುಗಿದಿತ್ತು. ಮೂರನೆಯದು ಬಂದರೆ ಹೆಂಡತಿ ವಿಮಾನ ಹತ್ತುತ್ತಾಳೆ.

ಓರ್ಲಿನ್‌ಗೆ ಹೆಂಡತಿಯಿಲ್ಲದೆ ಊಟ ಸೇರುವುದಿಲ್ಲ ಎಂದೇನೂ ಅಲ್ಲ. ಅವನಿಗೆ ಬೇಕಾದದ್ದು ಅವಳ ಕೈ. ಫೆಬ್ರವರಿಯಲ್ಲಿ ಅವರ ಹಸುಗಳು ಕರು ಹಾಕುತ್ತವೆ. ಒಳಗೆ ಕರು ಅಡ್ಡ ತಿರುಗಿದರೆ ಅದನ್ನು ಸರಿಪಡಿಸಲು ಸಣ್ಣ ಕೈ ಬೇಕು. ಓರ್ಲಿನ್‌ನ ಕೈಗಳು ಸನಿಕೆಯಂತಿವೆ. ಇಷ್ಟು ವರ್ಷ ಆ ಕೆಲಸ ಮಾಡಿದವಳು ಲವೋನ್. ಆದರೆ ಈಚಿನ ಚಳಿಗಾಲಗಳಲ್ಲಿ ಅವಳ ಬೆರಳುಗಳು ಗಾಳಿ ತಾಕಿದರೆ ಸಾಕು, ಮೇಣದಬತ್ತಿಯಂತೆ ಬಿಳಿಚಿ ಮರಗಟ್ಟಿಹೋಗುತ್ತಿದ್ದವು. ಬೆಚ್ಚಗಿಡದಿದ್ದರೆ ಬೆರಳ ತುದಿಗಳನ್ನೇ ಕಳೆದುಕೊಳ್ಳುತ್ತೀ ಎಂದು ಡಾಕ್ಟರು ಎಚ್ಚರಿಸಿದ್ದರು. ಕರು ಹಾಕುವ ಹುಲ್ಲುಗಾವಲು ಮನೆಯಿಂದ ದೂರ. ಅಲ್ಲಿಗೆ ಅವರು ಹೋಗುತ್ತಿದ್ದುದು ನಾವೆಲ್ಲ ಸುಮ್ಮನೆ ಗಾಡಿ ಎಂದು ಕರೆಯುವ, ಇಬ್ಬರು ಅಕ್ಕಪಕ್ಕ ಕೂತು ಹೊಲ ಸುತ್ತುವ ಗಿಡ್ಡ ನಾಲ್ಕು ಚಕ್ರದ ವಾಹನದಲ್ಲಿ. ಅದಕ್ಕೆ ಮಾಡು, ಗಾಜು, ಬಾಗಿಲು ಎಲ್ಲ ಇತ್ತು. ಹೀಟರ್ ಇರಲಿಲ್ಲ. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಹೊರಗೆ ಬಿಸಿಲಾದರೂ ಇರುತ್ತಿತ್ತು.

"ಕರು ಹಾಕೋ ಹೊತ್ತಿಗೆ ಗಾಡಿ ಬೆಚ್ಚಗಿದ್ರೆ ಇರ್ತೀನಿ," ಎಂದು ಲವೋನ್ ಶರತ್ಕಾಲದಲ್ಲೇ ಹೇಳಿದ್ದಳು. "ಇಲ್ಲಾಂದ್ರೆ ಮರ್ಲಿಸ್ ಮನೇಲಿ ಕಿತ್ತಳೆ ಸುಲೀತಾ ಕೂತ್ಕೋತೀನಿ."

ಹೀಟರ್ ಹಾಕಿಸುವುದು ದೊಡ್ಡ ವಿಷಯವಲ್ಲ. ಆದರೆ ಓರ್ಲಿನ್‌ಗೆ ಅವನ ಬಾಯಿಯೇ ಅಡ್ಡ ನಿಂತಿತ್ತು. ಹೋದ ವರ್ಷ ಪಕ್ಕದ ಹೊಲದ ಬರ್ನೆಲ್ ತನ್ನ ಗಾಡಿಗೆ ಹೀಟರ್ ಹಾಕಿದಾಗ ಊರ ಕೆಫೆಯಲ್ಲಿ ಚಳಿಗಾಲವಿಡೀ ಎಲ್ಲರನ್ನೂ ನಗಿಸಿದವನು ಓರ್ಲಿನ್ನೇ. "ಏನಯ್ಯಾ ಬರ್ನೆಲ್, ಹೇಗಿದೆ ನಿನ್ನ ಬಾಣಂತಿ ಕೋಣೆ? ಪರದೆ ಹಾಕಿಸಿದ್ಯಾ? ತೊಟ್ಟಿಲು ಯಾವಾಗ ಕಟ್ತೀಯ?" ಎಂದು ಅವನು ಕೇಳಿದರೆ ಸಾಲಾಗಿ ಕೂತ ಟೋಪಿಗಳೆಲ್ಲ ಅಲುಗುತ್ತಿದ್ದವು. ಬರ್ನೆಲ್ ತನ್ನ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಿದ್ದ. ನಮ್ಮ ಕಡೆಯವರು ಸಿಟ್ಟು ಬಂದಾಗ ಹಾಗೆ ಕಲಕುತ್ತಾರೆ.

ಹಾಗಾಗಿ ಓರ್ಲಿನ್ ಹೀಟರನ್ನು ಗುಟ್ಟಾಗಿ ತರಿಸಿದ. ಶೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಇಳಿದ. ಎದುರಿಗೊಬ್ಬ ಮನುಷ್ಯ ನಡೆದುಬರುವುದು ಅರ್ಧ ಗಂಟೆ ಮೊದಲೇ ಕಾಣುವ, ಹೆಸರಿಗೆ ಮಾತ್ರ ಕಣಿವೆಯಾದ ಈ ಚಪ್ಪಟೆ ಸೀಮೆಯಲ್ಲಿ ಗುಟ್ಟು ಎಲ್ಲಿಂದ ಬರಬೇಕು? ಮರುದಿನ ಬೆಳಗ್ಗೆಯೇ ಬರ್ನೆಲ್ ಥರ್ಮಾಸು ಹಿಡಿದು ಬಂದ. ಮುಂಭಾಗ ಬಿಚ್ಚಿಟ್ಟ ಗಾಡಿಯನ್ನು, ನೆಲದ ಮೇಲಿನ ರಬ್ಬರ್ ಕೊಳವೆಗಳನ್ನು, ಫ್ಯಾನಿರುವ ಕಪ್ಪು ಡಬ್ಬಿಯನ್ನು ನೋಡಿದ. ಬಾಣಂತಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಓರ್ಲಿನ್‌ಗೆ ಹಗುರವಾಗುತ್ತಿತ್ತು.

"ನಾನೂ ಒಂದು ಕೈ ಹಾಕ್ಲಾ?" ಎಂದ ಬರ್ನೆಲ್.

"ಬೇಡ ಬೇಡ, ಇದ್ರಲ್ಲಿ ಏನಿದೆ ಮಹಾ," ಎಂದ ಓರ್ಲಿನ್.

"ಕೊಳವೆ ಹಿಡ್ಕೊಂಡಿರ್ತೀನಿ ಬೇಕಾದ್ರೆ."

"ನಿಂಗ್ಯಾಕೆ ಸುಮ್ನೆ ತೊಂದ್ರೆ ಮಾರಾಯಾ."

ಓರ್ಲಿನ್ ಬೆನ್ನು ತಿರುಗಿಸಿಕೊಂಡೇ ಮೂರನೆಯದಕ್ಕೆ ಕಾದ. ಅದು ಬರಲಿಲ್ಲ. ಬರ್ನೆಲ್ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು ಥರ್ಮಾಸಿನ ಮುಚ್ಚಳ ತಿರುಗಿಸಿದ. "ಹಾಗಾದ್ರೆ ಸರಿ," ಎಂದ.

ಆ ಮಾತಿನ ಕ್ರೌರ್ಯ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಎರಡು ಸಲ ಕೇಳಿ ಬಿಟ್ಟುಬಿಡುವುದೆಂದರೆ ಅಂಗಳಕ್ಕೆ ಬಂದವನ ಮುಖಕ್ಕೆ ಬಾಗಿಲು ಹಾಕಿದಂತೆ. ಕೇಳಿಲ್ಲವೆಂದು ದೂರುವಂತಿಲ್ಲ, ಕೇಳಿದನೆಂದು ಹೇಳುವಂತೆಯೂ ಇಲ್ಲ.

ಕೆಲಸವನ್ನು ಓರ್ಲಿನ್ ಅಚ್ಚುಕಟ್ಟಾಗಿಯೇ ಮಾಡಿದ. ಅವನನ್ನು ಹೀಗಳೆಯುವ ಭರದಲ್ಲಿ ಇದನ್ನು ಮರೆಯಬಾರದು. ಇಂಜಿನ್ನಿನ ಬಿಸಿನೀರು ಹರಿಯುವ ಕೊಳವೆಯನ್ನು ಕತ್ತರಿಸಿ, ಎರಡು ಕವಲು ಕೂಡಿಸಿ, ಅಲ್ಲಿಂದ ಹೊಸ ಕೊಳವೆಗಳನ್ನು ಸೀಟಿನಡಿಯ ಸಂದಿನಲ್ಲಿ ತಂದು ಡಬ್ಬಿಗೆ ಸೇರಿಸಿ ಬಿಗಿದ. ಫ್ಯಾನಿಗೆ ಸ್ವಿಚ್ಚು ಕೂರಿಸಿದ. ಗಾಜಿನ ಬುಡಕ್ಕೂ ಕಾಲಿಗೂ ಗಾಳಿ ಬರುವ ಬಾಯಿಗಳನ್ನಿಟ್ಟ. ಕೂಲಂಟ್ ತುಂಬಿ, ಇಂಜಿನ್ ಚಾಲೂ ಮಾಡಿ, ಅದು ಕಾಯುವ ತನಕ ಕಾದು ಸ್ವಿಚ್ಚು ಒತ್ತಿದ.

ಬಂದದ್ದು ತಣ್ಣನೆಯ ಗಾಳಿ. ಅದೂ ಜೋರಾಗಿ. ಇಷ್ಟು ದಿನ ಬಾಗಿಲ ಸಂದಿಯಿಂದ ಬರುತ್ತಿದ್ದ ಚಳಿಗೆ ಓರ್ಲಿನ್ ಈಗ ಫ್ಯಾನು ಕೂರಿಸಿ ಕೊಟ್ಟಂತಾಗಿತ್ತು.

ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿತ್ತು, ಅಷ್ಟೆ. ಟ್ರಾಕ್ಟರಿನಲ್ಲಾದರೆ ರೇಡಿಯೇಟರ್ ಎಲ್ಲಕ್ಕಿಂತ ಮೇಲಿರುತ್ತದೆ, ಗಾಳಿ ತಾನಾಗಿ ಹೊರಟುಹೋಗುತ್ತದೆ. ಓರ್ಲಿನ್‌ಗೆ ಗೊತ್ತಿದ್ದದ್ದು ಟ್ರಾಕ್ಟರು. ಈ ಗಾಡಿಯಲ್ಲಿ ಹೀಟರೇ ಮೇಲೆ, ರೇಡಿಯೇಟರು ಮುಂಭಾಗದಲ್ಲಿ, ಕೆಳಗೆ. ಇದನ್ನು ಕಲಿಯಲು ಬರ್ನೆಲ್ ಹೋದ ವರ್ಷ ಇಡೀ ವಾರ ಒದ್ದಾಡಿದ್ದ. ಈಗ ಬಕೆಟ್ಟಿನ ಮೇಲೆ ಕೂತು ಆಲೂಗಡ್ಡೆ ರೊಟ್ಟಿಯನ್ನು ಸುರುಳಿ ಸುತ್ತಿ ತಿನ್ನುತ್ತಿದ್ದ.

"ಗಾಳಿ ಸ್ವಲ್ಪ ತಣ್ಣಗೆ ಬರ್ತಿದೆ," ಎಂದ ಓರ್ಲಿನ್, ಗೋಡೆಗೆ ಹೇಳುವವನಂತೆ.

"ಉತ್ತರದಿಂದ ಬೀಸ್ತಿದೆ ಇವತ್ತು," ಎಂದ ಬರ್ನೆಲ್.

"ಗಾಡಿ ಒಳಗಿನ ಗಾಳಿ."

"ಒಳಗೂ ಉತ್ತರದಿಂದಾನೇ ಇರ್ಬೇಕು."

ಓರ್ಲಿನ್ ಕೊಳವೆಯನ್ನು ಹಿಸುಕಿದ. "ಹೀಟರ್ ವಿಷಯ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ನೋಡಿದ್ರೆ, ಇದೇನು ಅಂತ ಹೇಳ್ಬಹುದೇನೋ."

"ಹೇಳ್ಬಹುದು," ಎಂದು ಬರ್ನೆಲ್ ಒಪ್ಪಿಕೊಂಡ. "ಅಂಥೋರು ಇದ್ದೇ ಇರ್ತಾರೆ."

ಕೊಂಕಣ ಸುತ್ತಿ ಮೈಲಾರಕ್ಕೆ ಬರುವವರನ್ನು ಕಂಡಿದ್ದೇವೆ. ಇವರಿಬ್ಬರು ಕೊಂಕಣವನ್ನೇ ಸುತ್ತುತ್ತಿದ್ದರು. ಮೈಲಾರದ ದಾರಿ ಇಬ್ಬರಿಗೂ ಗೊತ್ತಿತ್ತು, ಕಾಲಿಡುವವರು ಮಾತ್ರ ಇಲ್ಲ. ಇದು ನಾಲ್ಕಾರು ಬೆಳಗು ನಡೆಯಿತು. ಬರ್ನೆಲ್ ತಪ್ಪದೆ ಬರುತ್ತಿದ್ದ. ಬೀಟ್‌ರೂಟಿನ ಬೆಳೆ, ಪಾದ್ರಿಗಳ ಹೊಸ ಕಾರು, ಯಾರದೋ ಮಂಡಿಚಿಪ್ಪಿನ ಆಪರೇಷನ್ನು, ಎಲ್ಲವನ್ನೂ ಮಾತಾಡುತ್ತಿದ್ದ. ಓರ್ಲಿನ್ ಎಲ್ಲ ಬಿಗಿಗಳನ್ನೂ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಹುಲ್ಲುಗಾವಲಿನಲ್ಲಿ ಹಸುಗಳ ಕೆಚ್ಚಲು ತುಂಬತೊಡಗಿತ್ತು, ಕರು ಹಾಕುವ ದಿನ ಹತ್ತಿರವಾಗುತ್ತಿತ್ತು.

ಹಾಗಿರುವಾಗ ಒಂದು ಬೆಳಗ್ಗೆ ಫೋನ್ ಬಂತು. ಮನೆಯ ಫೋನಿಗೆ ಶೆಡ್ಡಿನಲ್ಲೂ ಒಂದು ಗಂಟೆಯಿದೆ. ಅದು ಬಡಿದುಕೊಂಡಿತು, ನಿಂತಿತು. ಲವೋನ್ ಎತ್ತಿಕೊಂಡಿದ್ದಳು. ಆ ಹೊತ್ತಿಗೆ ಫೋನ್ ಮಾಡುವವಳು ಮರ್ಲಿಸ್ ಒಬ್ಬಳೇ ಎಂದು ಓರ್ಲಿನ್‌ಗೆ ಗೊತ್ತಿತ್ತು. ಅವನು ಸ್ಪ್ಯಾನರು ಹಿಡಿದೇ ಬಕೆಟ್ಟಿನ ಕಡೆಗೆ ತಿರುಗಿದ.

"ಬರ್ನೆಲ್," ಎಂದ.

"ಏನೋ?"

"ಬರ್ನೆಲ್, ನೀನು..." ಬಾಯಿ ತೆರೆದೇ ಇತ್ತು. ನಮ್ಮ ಊರಿನಲ್ಲಿ ಯಾವ ಗಂಡಸೂ ಆಡದ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತ್ತು. "ನೀನು ಈ ಸಲ ಚರ್ಚಿನ ಊಟಕ್ಕೆ ಬರ್ತೀಯಲ್ಲ?"

"ಬರ್ತೀನಿ," ಎಂದ ಬರ್ನೆಲ್, ಸಣ್ಣಗೆ ನಿರಾಶೆಯಾದವನಂತೆ.

ಅತ್ತ ಅಡುಗೆಮನೆಯಲ್ಲಿ ನಡೆದದ್ದನ್ನು ಲವೋನ್ ಆಮೇಲೆ ಹೇಳಿದಂತೆಯೇ ಬರೆಯುತ್ತಿದ್ದೇನೆ, ನಾನು ಅಲ್ಲಿರಲಿಲ್ಲ. ಮಂಚದಡಿ ಅವಳ ಪೆಟ್ಟಿಗೆ ತೆಳುವಾದ ಬಟ್ಟೆಗಳೊಂದಿಗೆ ಸಿದ್ಧವಾಗಿತ್ತು. "ಹಾಗಾದ್ರೆ ಒಂದೆರಡು ವಾರ ಬರ್ತೀನಿ" ಎಂಬ ಮಾತೂ ಸಿದ್ಧವಾಗಿತ್ತು. ಮರ್ಲಿಸ್ ಹವೆಯ ಬಗ್ಗೆ ಮಾತಾಡಿದಳು. ಕಿತ್ತಳೆಯ ಬಗ್ಗೆ ಮಾತಾಡಿದಳು. ಆಮೇಲೆ, ಆ ಖಾಲಿ ಕೋಣೆಯನ್ನು ಜೊತೆಯಲ್ಲಿ ಇಸ್ಪೀಟಾಡುವ ಒಹಾಯೋದ ಹೆಂಗಸಿಗೆ ಕೊಟ್ಟೆ ಎಂದಳು.

"ನಂಗೆ ಅಂದಿದ್ಯಲ್ಲೇ ಅದು!"

"ನೀನೇ ಬೇಡ ಅಂದ್ಯಲ್ಲಕ್ಕಾ."

"ಎರಡೇ ಸಲ ತಾನೇ ಅಂದಿದ್ದು!"

"ಮತ್ತೆಷ್ಟು ಸಲ ಅನ್ಬೇಕು? ಅವಳನ್ನ ಕೇಳ್ದೆ, ಬರ್ತೀನಿ ಅಂದ್ಲು, ಬಂದ್ಲು. ಎಷ್ಟು ಸುಲಭ ಗೊತ್ತಾ?"

ಮರ್ಲಿಸ್ ಅಲ್ಲಿ ನೆಲಸಿ ಬಹಳ ಕಾಲವಾಗಿತ್ತು. ಅಷ್ಟು ಬಿಸಿಲಿನಲ್ಲಿ ಸಂಸ್ಕಾರವೂ ಕರಗಿಹೋಗುತ್ತದೆ.

ಲವೋನ್ ಫೋನ್ ಇಟ್ಟು ತನ್ನ ಕೈಗಳನ್ನು ನೋಡಿಕೊಂಡಳಂತೆ. ಅರಿಜೋನಾ ಹೋಯಿತು. ಇನ್ನುಳಿದದ್ದು ಆ ಗಾಡಿ. ಕೋಟು ಹಾಕಿಕೊಂಡು, ಬೆಚ್ಚನೆಯ ಕೈಗವಸಿನೊಳಗೆ ಬೆರಳು ತೂರಿಸಿಕೊಂಡು ಶೆಡ್ಡಿಗೆ ನಡೆದಳು. ಬಾಗಿಲು ತಳ್ಳಿ ನೇರ ಬಕೆಟ್ಟಿನ ಮುಂದೆ ನಿಂತಳು.

"ಬರ್ನೆಲ್, ಈ ಹೀಟರಲ್ಲಿ ಬಿಸಿ ಬರೋದು ಹೇಗೆ ಅಂತ ನಿಂಗೆ ಗೊತ್ತು. ಹೇಳು."

ಓರ್ಲಿನ್ ನಾಚಿ ಸ್ಪ್ಯಾನರನ್ನು ನೋಡತೊಡಗಿದ. ಬರ್ನೆಲ್ ರೊಟ್ಟಿಯನ್ನು ನುಂಗುವುದನ್ನೇ ಮರೆತ. ಅವನು ಚಳಿಗಾಲವಿಡೀ ಸೇಡಿನ ಸುಖ ಸವಿಯಲು ಬಂದವನು. ನೇರವಾಗಿ ಕೇಳಿದರೆ ಏನು ಮಾಡಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ.

"ಮೂಗು ಮೇಲೆ ಮಾಡ್ಬೇಕು," ಎಂದ ತಡವರಿಸಿ. "ಗಾಡೀದು. ಇಂಜಿನ್ ತಣ್ಣಗಿದ್ದಾಗ್ಲೇ ರೇಡಿಯೇಟರ್ ಮುಚ್ಚಳ ತೆಗೆದು, ಇಳಿಜಾರಿಗೆ ಮುಖ ಎತ್ತಿ ನಿಲ್ಸಿ, ಆಮೇಲೆ ಚಾಲೂ ಮಾಡಿದ್ರೆ ಗಾಳಿ ಗುಳುಗುಳು ಅಂತ ಹೊರಗೆ ಬರುತ್ತೆ."

"ಇಳಿಜಾರು!" ಎಂದ ಓರ್ಲಿನ್, ಕೊನೆಗೂ ಒಂದು ತಪ್ಪು ಸಿಕ್ಕಿದ ಸಂತೋಷದಲ್ಲಿ. "ಈ ಸೀಮೇಲಿ ಎಲ್ಲಿದೆಯೋ ಇಳಿಜಾರು? ಇಲ್ಲಿ ಗೋಲಿ ಇಟ್ರೆ ಗೋಲಿ ಕೂಡ ಉರುಳೋಲ್ಲ."

ಲವೋನ್ ಕಿಟಕಿಯತ್ತ ಕೈ ತೋರಿಸಿದಳು. ಪ್ರವಾಹ ತಡೆಯಲು ಮನೆಯ ಸುತ್ತ ಕಟ್ಟಿದ ಮಣ್ಣಿನ ಏರಿ ಅಲ್ಲಿತ್ತು. ಓರ್ಲಿನ್ ದಿನಾ ಅದನ್ನು ಹತ್ತಿ ಇಳಿದೇ ರಸ್ತೆ ಸೇರುತ್ತಿದ್ದ.

ಗಾಡಿಯನ್ನು ಏರಿಯ ಇಳಿಜಾರಿನಲ್ಲಿ ಮುಖ ಮೇಲೆ ಮಾಡಿ ನಿಲ್ಲಿಸಿ, ಮುಚ್ಚಳ ತೆಗೆದು ಚಾಲೂ ಮಾಡಿದರು. ಬರ್ನೆಲ್ ಕೊಳವೆ ಹಿಸುಕಿದ, ಓರ್ಲಿನ್ ಕೂಲಂಟ್ ಸುರಿದ. ಗುಳ್ಳೆಗಳು ಎದ್ದವು, ಮತ್ತಷ್ಟು ಎದ್ದವು, ನಿಂತವು. ಮುಚ್ಚಳ ಬಿಗಿದು ಸ್ವಿಚ್ಚು ಒತ್ತಿದಾಗ ಬಿಸಿ ಗಾಳಿ ಲವೋನ್‌ಳ ಮುಖಕ್ಕೆ ಬಡಿಯಿತು. ಅವಳು ಕೈಗವಸು ಕಳಚಿ ಬೆರಳುಗಳನ್ನು ಗಾಳಿಯ ಬಾಯಿಗೆ ಹಿಡಿದು ಕೂತಳು.

"ನಾನೂ ಅದನ್ನೇ ಅಂದ್ಕೊಂಡಿದ್ದೆ," ಎಂದ ಓರ್ಲಿನ್. "ಮೂಗು ಎತ್ತೋದು." ಜಟ್ಟಿ ಬಿದ್ದರೂ ಮೀಸೆಗೆ ಮಣ್ಣು ಹತ್ತಲಿಲ್ಲ. ಬರ್ನೆಲ್ ಥರ್ಮಾಸು ಎತ್ತಿಕೊಂಡು ಮನೆಗೆ ಹೋದ.

ಅದೇ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಹುಲ್ಲುಗಾವಲಿಗೆ ಹೊರಟರು. ಸ್ಟಿಯರಿಂಗ್ ಹಿಂದೆ ಲವೋನ್ ಕೂತಿದ್ದಳು. ಹೀಟರನ್ನು ಪೂರ್ತಿ ಜೋರು ಮಾಡಿದ್ದಳು. ಓರ್ಲಿನ್ ದಪ್ಪ ಉಡುಪಿನ ಕೆಳಗೆ ಉಣ್ಣೆಯದನ್ನೂ ತೊಟ್ಟಿದ್ದ. ಬಾಗಿಲ ಬದಿಗೆ ಒತ್ತಿಕೊಂಡು ಕೆಂಪಗಾಗತೊಡಗಿದ್ದ.

"ಕೆಲವರಿಗೆ ಇಷ್ಟು ಸೆಕೆ ಆಗಿಬರೋಲ್ಲ ಅಂತಾರೆ," ಎಂದ ಸ್ವಲ್ಪ ದೂರ ಹೋದ ಮೇಲೆ.

"ಅಂತಾರೆ," ಎಂದಳು ಲವೋನ್.

"ಇಂಜಿನ್ನಿಗೂ ಭಾರ ಆಗ್ಬಹುದು."

"ಆಗ್ಬಹುದು."

ಹಿಮದಲ್ಲಿ ಚಕ್ರಗಳು ಕಿರುಗುಟ್ಟುತ್ತಿದ್ದವು. ಬೇಲಿಯ ಮೂಲೆಯಲ್ಲಿ ಚೊಚ್ಚಲ ಹಸುವೊಂದು ಮಲಗಿತ್ತು. ಬಾಲದ ಕೆಳಗೆ ಕರುವಿನ ಒಂದೇ ಕಾಲು ಕಾಣುತ್ತಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಓರ್ಲಿನ್‌ನ ಮೂಗಿನ ತುದಿಯಿಂದ ಬೆವರು ಹನಿಯಿತು. ಅವನು ಟೋಪಿ ತೆಗೆದ, ಮತ್ತೆ ಹಾಕಿದ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡ.

"ಲವೋನ್, ಅದನ್ನ ಸ್ವಲ್ಪ ಕಡಿಮೆ ಮಾಡು."

ಲವೋನ್ ಗಾಡಿ ನಿಲ್ಲಿಸಿದಳು. ಸ್ಟಿಯರಿಂಗ್ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು. ಕೆಂಪಗಿದ್ದವು, ಹೇಳಿದ ಮಾತು ಕೇಳುತ್ತಿದ್ದವು.

"ಇಲ್ಲ," ಎಂದಳು. ಕೋಟಿನ ತೋಳನ್ನು ಮೇಲಕ್ಕೆ ಮಡಚಿಕೊಂಡು ಹಸುವಿನ ಕಡೆಗೆ ಇಳಿದು ಹೋದಳು.