ಕಲ್ಲು ಬಿಟ್ಟು ಬಂದ ಮೀನು

"ಕಲ್ಲಿನ ಬುಡಕ ಕುಂದ್ರಾಕಿ, ಇವತ್ತ ಮ್ಯಾಲ ಯಾಕ ಬಂದಿ ನನ್ನವ್ವಾ?"

ವರ್ತಿಯ ಅಂಚಿನಲ್ಲಿ ಬಾಗಿ ಚಂದ್ರವ್ವ ಕೇಳಿದಳು. ಸುತ್ತ ಯಾರೂ ಇರಲಿಲ್ಲ.

ಬೋರಿವಲಿಯ ಗುಡ್ಡದಿಂದ ಇಳಿದು ಬರುವ ಹೊಳೆಯ ಎರಡೂ ದಂಡೆಗೆ ಸಿಮೆಂಟಿನ ಗೋಡೆ ಏಳುತ್ತಿತ್ತು. ಕಟ್ಟುವವರು ವಿಜಯಪುರ ಕಡೆಯ ಕೂಲಿಗಳು. ಅವರ ಪಾಲಿಗೆ ನಳ ಇರಲಿಲ್ಲ. ಊರಿನಂತೆ ಇಲ್ಲಿಯೂ ಉಸುಕು ತೋಡಿ ವರ್ತಿ ಮಾಡಿಕೊಂಡು, ಒಸರುವ ನೀರು ಕುಡಿಯುತ್ತಿದ್ದರು. ತೋಡಿದ ದಿನವೇ ಹೊಳೆಯಿಂದ ಒಂದು ಮೀನು ತಂದು ಅದರಲ್ಲಿ ಬಿಡುವುದು ಅವರ ರೂಢಿ. ಕಿರುಬೆರಳುದ್ದದ ಮೀನು, ಬಾಯಿಯ ಸುತ್ತ ಎಳೆಮೀಸೆ, ಮೈಮೇಲೆ ಉಸುಕಿನದೇ ಬಣ್ಣದ ಪಟ್ಟೆ. ಹರಿವಿಗೆ ಮುಖ ಕೊಟ್ಟು, ಕಲ್ಲಿಗೆ ಹೊಟ್ಟೆ ಹಚ್ಚಿ ಮಲಗುವ ಜಾತಿ. ತಣ್ಣಗೆ ಸರಿಯುವ ನೀರಿದ್ದಲ್ಲಿ ಮಾತ್ರ ಅದರ ಸಂಸಾರ. ನೆರಳು ಬಿದ್ದರೆ ಸಾಕು, ಉಸುಕಿನೊಳಗೆ ಮಾಯ. ಅದನ್ನು ಎಲ್ಲರೂ ಗಂಗವ್ವ ಎನ್ನುತ್ತಿದ್ದರು.

ಆ ಗಂಗವ್ವ ಈಗ ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದಳು.

ಕೊಡ ಹಿಡಿದು ಬಂದ ಶಿವಕುಮಾರಿ ಇಣುಕಿ ನೋಡಿ ಕೆನ್ನೆ ಬಡಿದುಕೊಂಡಳು. "ಯಕ್ಕಾ, ದರ್ಶನಾ ಕೊಟ್ಟಾಳ! ಕಾಣದಾಕಿ ಕಂಡಾಳ!" ಸೆರಗಿನ ಗಂಟಿನಿಂದ ಚಿಟಿಕೆ ಕುಂಕುಮ ಬಿಟ್ಟು, ಬೊಗಸೆ ತುಂಬಿ ತೀರ್ಥವೆಂದು ಕುಡಿದಳು. ಚಂದ್ರವ್ವನೂ ಕೈಮುಗಿದಳು. ಬೊಗಸೆ ನೀರಿಗೆ ತಾಗುವಷ್ಟರಲ್ಲಿ ಗೋಡೆಯ ಮೇಲಿಂದ ಕೂಲಿಗಳ ಮುಕಾದಮ ಖಂಡಪ್ಪನ ಬೈಗುಳ ಬಿತ್ತು.

"ಏ ರಂಡೇರ್ಯಾ, ಪೂಜಿ ಮಾಡಾಕ ಬಂದೀರೇನ? ಇಲ್ಲಿ ಕಲಸಿದ ಸಿಮೆಂಟ್ ಮಾಲ್ ಒಣಗಾಕತ್ತೈತಿ!"

ಇಬ್ಬರೂ ಓಡಿದರು.

ಬಿಸಿಲೇರುವ ಮೊದಲೇ ಶಿವಕುಮಾರಿ ಬುಟ್ಟಿ ಸಮೇತ ಕುಸಿದಳು. ಕಾರಿದ್ದು ನೀಲಿ. ಅವಳನ್ನು ತಾಡಪತ್ರಿಯ ಜೋಪಡಿಯಲ್ಲಿ ಮಲಗಿಸಿ ಚಂದ್ರವ್ವ ಹೊಳೆಯ ಮೇಲಿನ ತಿರುವಿಗೆ ಓಡಿದಳು. ಅಲ್ಲಿ, ಯಾವುದೋ ಬಣ್ಣದ ಕಾರ್ಖಾನೆಯಿಂದ ಗುತ್ತಿಗೆದಾರ ಶೇಟ್ ಅಗ್ಗಕ್ಕೆ ತಂದಿದ್ದ ಡ್ರಮ್ಮುಗಳನ್ನು ಹೊಳೆಯಲ್ಲೇ ತೊಳೆದು ಬೋರಲು ಹಾಕಿದ್ದರು. ಕೆಳಗೆ ಕಲ್ಲುಕಲ್ಲಿನ ಸಂದಿಗೂ ಸತ್ತ ಮೀನುಗಳ ಬಿಳಿ ಹೊಟ್ಟೆಗಳು.

"ಶೇಟ್, ಗಾಡಿ ಕೊಡ್ರಿ. ಹುಡುಗಿ ಉಳಿಯಂಗಿಲ್ಲ."

ಗಾಡಿಗೆ ಒರಗಿ ನಿಂತಿದ್ದ ಅಮಿತ ಶೇಟ್ ಅವಳತ್ತ ತಿರುಗಲಿಲ್ಲ. "ಖಂಡಪ್ಪಾ, ಇಸಕೋ ಸಮಝಾ."

ಖಂಡಪ್ಪ ಅವಳನ್ನು ಪಕ್ಕಕ್ಕೆ ಎಳೆದ. "ಮೀನ ಸತ್ತಾವಂತ ಬಿಲ್ಡಿಂಗಿನ ಮಂದಿ ಕಂಪ್ಲೇಂಟ್ ಕೊಟ್ಟಾರ. ಮುನ್ಸಿಪಾಲ್ಟಿ ಮೇಡಮ್ ನೋಡಾಕ ಬರಾಕತ್ತಾಳ. ಅಕಿ ಮುಂದ ನೀ ಒಂದ್ ತಂಬಗಿ ವರ್ತಿ ನೀರ ಕುಡಿ. ಕುಡದ್ರ ಗಾಡಿ. ಇಲ್ಲಂದ್ರ ಜೋಪಡಿ ಕಿತ್ಕೊಂಡ ನಡೀರಿ."

"ಸಾಯಾಕತ್ತಾಳೋ ಅಕಿ!"

"ಮೇಡಮ್ ಹೋಗೂತನಾ ಬಾಯಾಗ ಸೆರಗ ತುರುಕು. ದನಿ ಹೊರಗ ಬರಬಾರದು."

"ನೀನೂ ನಮ್ಮೂರಾಂವ ಅದಿ, ಖಂಡಪ್ಪಣ್ಣಾ."

"ಊರು ಅಲ್ಲೈತಿ. ಇಲ್ಲಿ ಶೇಟ್ ಅದಾನ."

ಮೇಡಮ್ ವರ್ತಿಯ ಬಳಿಗೇ ಬಂದಳು, ಮೂಗಿಗೆ ಕರ್ಚೀಫು, ಕೈಯಲ್ಲಿ ಫೋನು. ಶೇಟ್ ಈಗ ಬಾಗಿ ನಗುತ್ತ ವರ್ತಿಯ ನೀರು ತೋರಿಸುತ್ತಿದ್ದ. "ಏಕದಮ್ ಸಾಫ್ ಪಾನೀ, ಮೇಡಮ್. ಹಮಾರೇ ಲೇಬರ್ ಲೋಗ್ ಯಹೀ ಪೀತೇ ಹೈಂ."

ಖಂಡಪ್ಪ ವರ್ತಿಗೆ ಬಾಗಿ, ಗಂಗವ್ವನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಸೆದ. ಕುಂಕುಮ ಸರಿಸಿ ತಂಬಿಗೆ ತುಂಬಿದ. ತಂದು ಚಂದ್ರವ್ವನ ಎದೆಗೆ ಹಿಡಿದ. ಮೇಡಮ್ ವಿಡಿಯೋ ತೆಗೆಯಲು ಫೋನು ಎತ್ತಿದಳು.

ಜೋಪಡಿಯೊಳಗಿಂದ ಒಂದು ನರಳಿಕೆ ಬಂತು. ಶೇಟ್ ಜೋರಾಗಿ ಕೆಮ್ಮಿದ.

ಚಂದ್ರವ್ವ ತಂಬಿಗೆ ಮುಟ್ಟಲಿಲ್ಲ. ಹಿಂದಕ್ಕೆ ನಡೆದು ಜೋಪಡಿಯ ತಾಡಪತ್ರಿಯನ್ನು ಹಗ್ಗ ಸಮೇತ ಕಿತ್ತೆಳೆದಳು. ಬಿಸಿಲು ನೇರ ಶಿವಕುಮಾರಿಯ ಮೇಲೆ ಬಿತ್ತು. ನೀಲಿಗಟ್ಟಿದ ತುಟಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮೇಡಮ್‌ಳ ಫೋನು ಅತ್ತ ತಿರುಗಿತು.

"ಪೀ ನಾ, ಬಾಈ," ಎಂದ ಶೇಟ್, ತಂಬಿಗೆಯತ್ತ ಕೈ ತೋರಿಸಿ. ನಗು ಹಲ್ಲಿನ ಮೇಲಷ್ಟೇ ಉಳಿದಿತ್ತು. "ಥೋಡಾಸಾ. ಮೇಡಮ್ ಕೇ ಸಾಮನೇ."

ಚಂದ್ರವ್ವ ಮೇಡಮ್‌ಳನ್ನೇ ನೋಡಿ, ಅವಳಿಗೆ ತಿಳಿಯುವ ಭಾಷೆಯಲ್ಲೇ ಅಂದಳು.

"ನೈ ಪೀಯೂಂಗಿ."